ವಾಪಸ್ ಬಂದಿದ್ದು ಸರಿ, ಹೊಸದೇನು ಹಾಡ್ತೀರ ಅಂತ ಕೇಳೋರು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಲಿ ಎಂಬತ್ತು ತೊಂಬತ್ತರ ದಶಕದ ಗಾಯಕರು, ಬ್ಯಾಂಡ್‌ನೋರು ಎಲ್ಲಾ ಮತ್ತೆ ಸ್ಟೇಜ್ ಹತ್ತುತಾ ಇರೋ ಬಗ್ಗೆ ಪುಟ ತುಂಬ ಬರೆದಿದ್ರಿ. ಓದಿ ಖುಷಿನೂ ಆಯ್ತು, ಕಿರಿಕಿರಿನೂ ಆಯ್ತು. ಖುಷಿ ಯಾಕಂದ್ರೆ ನಾನು ಅದೇ ಹಾಡುಗಳನ್ನ ನುಡಿಸ್ಕೊಂಡು ದೊಡ್ಡೋನಾದವನು, ತುಮಕೂರಲ್ಲಿ ಆರ್ಕೆಸ್ಟ್ರಾ ಸೀಸನ್ ಅಂತ ಒಂದಿತ್ತಲ್ಲ, ಗಣೇಶನ ಹಬ್ಬಕ್ಕೆ ಶುರುವಾಗಿ ರಾಜ್ಯೋತ್ಸವ ಮುಗಿಯೋವರೆಗೂ ಎಳೀತಿತ್ತು, ಆಗ ಕೀಬೋರ್ಡು, ತಾಳ ನುಡಿಸೋ ಎಲೆಕ್ಟ್ರಾನಿಕ್ ಪ್ಯಾಡು, ಸ್ಪೀಕರ್ ಬಾಕ್ಸು ಎಲ್ಲಾ ಮೆಟಡೋರ್‌ಗೆ ತುಂಬ್ಕೊಂಡು ಗುಬ್ಬಿ, ತಿಪಟೂರು, ಸಿರಾ, ಮಧುಗಿರಿ, ಕೊರಟಗೆರೆ ಅಂತ ಸುತ್ತಿದೋನು. ಕಿರಿಕಿರಿ ಯಾಕಂದ್ರೆ ಅಷ್ಟು ದೊಡ್ಡ ಲೇಖನದಲ್ಲಿ ಒಂದೇ ಒಂದು ಕಡೆನೂ ಈ ಕಲಾವಿದರು ಈಗ ಹೊಸದಾಗಿ ಏನು ಮಾಡ್ತಿದಾರೆ ಅನ್ನೋ ಮಾತಿಲ್ಲ. ಯಾವ ಹಳೇ ಹಾಡಿಗೆ ಜನ ಎದ್ದು ಕುಣಿದ್ರು, ಯಾರು ಅತ್ತರು, ಟಿಕೆಟ್ ಎಷ್ಟಕ್ಕೆ ಹೋಯ್ತು, ಇಷ್ಟೇ. ನನ್ನ ತಕರಾರು ಗಾಯಕರ ಮೇಲಲ್ಲ, ಕೇಳೋ ನಮ್ಮ ಮೇಲೆ. ಅವರು ವಾಪಸ್ ಬರ್ಲಿ ಅಂತೀವಿ, ಬಂದೋರಿಗೆ ಇವತ್ತಿನ ದನಿಲಿ ಇವತ್ತಿನ ಹಾಡು ಹಾಡೋಕೆ ಮಾತ್ರ ಬಿಡಲ್ಲ.

ಹೊರಗಿನೋರ ಕಥೆ ನೋಡಿದ್ರೆ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಸ್ವೀಡನ್ನಿನ ಅಬ್ಬಾ ಗ್ರೂಪ್ 1981ರ ಆಲ್ಬಂ ಆದ್ಮೇಲೆ ಹತ್ತಿರ ಹತ್ತಿರ ನಲವತ್ತು ವರ್ಷ ಸುಮ್ನಿದ್ದು 2021ರ ನವೆಂಬರಲ್ಲಿ ‘ವಾಯೇಜ್’ ಅಂತ ಹೊಸ ಆಲ್ಬಂ ತಂದ್ರು, ಹತ್ತು ಹಾಡು. ಆದ್ರೆ ಅದೇ ಹೆಸರಲ್ಲಿ 2022ರ ಮೇ ತಿಂಗಳಲ್ಲಿ ಲಂಡನ್ನಲ್ಲಿ ಶುರುವಾದ ಶೋನಲ್ಲಿ ಅವರೇ ಇಲ್ಲ, 1979ರಲ್ಲಿ ಹೆಂಗಿದ್ರೋ ಹಂಗೆ ಕಂಪ್ಯೂಟರಲ್ಲಿ ಮಾಡಿದ ಡಿಜಿಟಲ್ ರೂಪಗಳು ಕುಣಿಯೋದು, ಪಕ್ಕದಲ್ಲಿ ನುಡಿಸೋ ಹತ್ತು ಜನ ಬ್ಯಾಂಡ್‌ನೋರು ಮಾತ್ರ ನಿಜವಾದ ಮನುಷ್ಯರು. ಇನ್ನೊಂದು ಕಡೆ ಬ್ರಿಟನ್ನಿನ ರಾಕ್ ಬ್ಯಾಂಡ್ ಓಯಸಿಸ್, ಅಣ್ಣತಮ್ಮ ಕಿತ್ತಾಡ್ಕೊಂಡು 2009ರಲ್ಲಿ ಬೇರೆ ಆದೋರು 2025ರ ಜುಲೈ 4ನೇ ತಾರೀಕು ಕಾರ್ಡಿಫಲ್ಲಿ ಒಂದೇ ಸ್ಟೇಜ್ ಮೇಲೆ ಬಂದ್ರು, ಊರೂರಲ್ಲಿ ಸ್ಟೇಡಿಯಂ ತುಂಬ್ತು, ಆದ್ರೆ ಆ ಟೂರಲ್ಲಿ ಹೊಸ ಹಾಡು ಅನ್ನೋದು ಒಂದೂ ಇರ್ಲಿಲ್ಲ. ಅಂದ್ರೆ ನೋಡಿ, ಒಬ್ರು ಹೊಸ ಹಾಡು ಮಾಡಿದ್ರು, ವಯಸ್ಸಾದ ಮೈ ತೋರಿಸ್ಲಿಲ್ಲ. ಇನ್ನೊಬ್ರು ಮೈ ತೋರಿಸಿದ್ರು, ಹೊಸ ಹಾಡಿಗೆ ಕೈ ಹಾಕ್ಲಿಲ್ಲ. ಎರಡೂ ಕಡೆ ಜನಕ್ಕೆ ಬೇಕಾಗಿದ್ದು ತಮ್ಮ ಕಾಲೇಜ್ ದಿನ, ಅದನ್ನ ಪ್ಯಾಕ್ ಮಾಡಿ ಕೊಟ್ರು.

ನಮ್ಮ ಅಕ್ಕನ ಮಗ 2024ರ ಡಿಸೆಂಬರಲ್ಲಿ ಬೆಂಗಳೂರಿಗೆ ಕೆನಡಾದ ರಾಕ್ ಗಾಯಕ ಬ್ರಯಾನ್ ಆಡಮ್ಸ್ ಬಂದಾಗ ಫ್ರೆಂಡ್ಸ್ ಜೊತೆ ಹೋಗಿದ್ದ. ಆ ಟೂರ್‌ಗೆ ಇಟ್ಟಿದ್ದೇ ಅವರ ಹೊಸ ಆಲ್ಬಂ ಹೆಸರು, 2022ರಲ್ಲಿ ಬಂದಿದ್ದು. ಹೊಸ ಹಾಡು ಬಂದಾಗ ಜನ ಏನ್ ಮಾಡ್ತಿದ್ರಪ್ಪ ಅಂತ ಕೇಳಿದ್ದಕ್ಕೆ ಆಗ್ಲೇ ಮಾಮ ಎಲ್ಲಾ ಎದ್ದು ತಿನ್ನೋಕೆ ಕ್ಯೂ ನಿಂತ್ಕೊಳ್ಳೋದು ಅಂದ. 1984ರ ಆಲ್ಬಂನ ಹಾಡು ಬಂದಾಗ ಮಾತ್ರ ಹತ್ತು ಸಾವಿರ ಫೋನು ಮೇಲಕ್ಕೆ! ಪಾಪ ಅವರು ಅಷ್ಟು ದೂರದಿಂದ ಹೊಸ ಹಾಡು ಹೊತ್ಕೊಂಡು ಬಂದಿರ್ತಾರೆ.

ಹಾಡು ಮಾತ್ರ ತಾನಾಗೇ ವಾಪಸ್ ಬರೋದೂ ಇದೆ. ಬ್ರಿಟನ್ನಿನ ಗಾಯಕಿ ಕೇಟ್ ಬುಷ್ 1985ರಲ್ಲಿ ಹಾಡಿದ್ದ ಹಾಡು ಒಂದು ವೆಬ್ ಸೀರೀಸಲ್ಲಿ ಬಳಸಿದ್ರು ಅನ್ನೋ ಕಾರಣಕ್ಕೆ 2022ರಲ್ಲಿ ಬ್ರಿಟನ್ನಿನ ನಂಬರ್ ಒನ್ ಆಯ್ತು, ಮೂವತ್ತೇಳು ವರ್ಷ ಆದ್ಮೇಲೆ. ಆಯಮ್ಮ ಅದಕ್ಕೆ ಅಂತ ಯಾವ ಟೂರೂ ಮಾಡ್ಲಿಲ್ಲ, ಮನೆಲೇ ಇದ್ರು. ನನಗೆ ಅದು ಮರ್ಯಾದೆಯ ದಾರಿ ಅನ್ಸುತ್ತೆ.

ನಮ್ಮ ಇಂಡಿಪಾಪ್, ಅಂದ್ರೆ ಸಿನಿಮಾಕ್ಕೆ ಸೇರದ ನಮ್ಮ ದೇಶದ ಪಾಪ್ ಹಾಡುಗಳ ವಿಷಯಕ್ಕೆ ಬರೋಣ. ಇದರ ಬೇರು ಹುಡುಕ್ತಾ ಹೋದ್ರೆ ನಮ್ಮ ಬೆಂಗಳೂರಿನ ಹುಡುಗನೊಬ್ಬ ಸಿಗ್ತಾರೆ, ಬಿದ್ದು. ಬೆಂಗಳೂರಲ್ಲಿ ಹುಟ್ಟಿ, ಇಲ್ಲೇ ಗಿಟಾರ್ ಹಿಡಿದು ಬ್ಯಾಂಡ್ ಕಟ್ಟಿ, ಲಂಡನ್ನಿಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಮಾಡಿದ್ದು ಇವರೇ, 1980ರಲ್ಲಿ ನಾಜಿಯಾ ಹಸನ್ ಅನ್ನೋ ಶಾಲೆ ಹುಡುಗಿ ಕೈಲಿ ಹಿಂದಿ ಸಿನಿಮಾಕ್ಕೆ ಹಾಡಿಸಿ ಮಾರನೇ ವರ್ಷ ‘ಡಿಸ್ಕೊ ದೀವಾನೆ’ ತಂದಿದ್ದೂ ಇವರೇ, 1995ರಲ್ಲಿ ಅಲೀಶಾ ಚಿನಾಯ್‌ಗೆ ‘ಮೇಡ್ ಇನ್ ಇಂಡಿಯಾ’ ಮಾಡ್ಕೊಟ್ಟಿದ್ದೂ ಇವರೇ. ನಮ್ಮೂರಿನ ಕ್ಯಾಸೆಟ್ ಅಂಗಡಿಲಿ ಇದನ್ನ ಹೇಳಿದ್ರೆ ಆಗ ಒಬ್ರೂ ನಂಬ್ತಿರ್ಲಿಲ್ಲ. ಈಗಲೂ ಕನ್ನಡ ಪತ್ರಿಕೆಗಳಲ್ಲಿ ಬಿದ್ದು ಬಗ್ಗೆ ಓದಿದ್ದು ಬಹಳ ಕಮ್ಮಿ, ಹಳೇ ಹಾಡಿನ ನೆನಪಿನ ಪುಟ ಮಾಡುವಾಗ ಇಂಥೋರನ್ನ ಹಿಡಿದು ಮಾತಾಡಿಸ್ಬೇಕಪ್ಪ.

ಆ ಕಾಲದೋರಲ್ಲಿ ನಿಜವಾದ ಕಮ್‌ಬ್ಯಾಕ್ ಅಂತ ನಾನು ಕರೆಯೋದು ಲಕ್ಕಿ ಅಲಿದು. 1996ರಲ್ಲಿ ‘ಓ ಸನಮ್’ ಬಂದಾಗ ಟಿವಿಲಿ ಪಿರಮಿಡ್ ಮುಂದೆ ನಡ್ಕೊಂಡು ಹೋಗ್ತಿದ್ದ ಮನುಷ್ಯ, 2020ರ ನವೆಂಬರಲ್ಲಿ, ಅರವತ್ತು ದಾಟಿದ್ಮೇಲೆ, ಗಡ್ಡ ಬಿಟ್ಕೊಂಡು ಒಂದು ಗಿಟಾರ್ ಹಿಡಿದು ಕೂತು ಅದೇ ಹಾಡು ಹಾಡಿದ ವಿಡಿಯೊ ಎಲ್ಲರ ವಾಟ್ಸಾಪಿಗೂ ಬಂತಲ್ಲ, ಅದನ್ನ ಕೀಬೋರ್ಡ್ ಮುಂದೆ ಇಟ್ಕೊಂಡು ಕೇಳಿದೀನಿ. ಎಳೆಯೋ ಕಡೆ ಎಳೀತಿಲ್ಲ, ದನಿ ಒರಟಾಗಿದೆ, ಕೆಲವು ಕಡೆ ಸಾಲನ್ನ ಮಾತಾಡಿದಂಗೆ ಬಿಟ್ಬಿಡ್ತಾರೆ. ಅಲ್ಲಿ ಡ್ರಮ್ಸ್ ಇಲ್ಲ, ಕೋರಸ್ ಇಲ್ಲ, ಬೆಳಕೂ ಸರಿಯಾಗಿಲ್ಲ. ಹಾಡು ಅದೇ, ಹಾಡೋನು ಬೇರೆ, ಅದನ್ನ ಮುಚ್ಚಿಡೋ ಗೋಜಿಗೇ ಹೋಗಿಲ್ಲ. ಅದಕ್ಕೇ ಹತ್ತೊಂಬತ್ತು ವರ್ಷದ ಹುಡುಗರೂ ಕೇಳಿದ್ರು.

ಈಗ ನಮ್ಮೂರಿಗೆ ಬರ್ತೀನಿ. ಈಚೆಗೆ ತುಮಕೂರಿನ ಒಂದು ಮೈದಾನದಲ್ಲಿ ರಸಮಂಜರಿ ಇತ್ತು, ಯಾರು ಮಾಡ್ಸಿದ್ರು, ಯಾರು ಬಂದಿದ್ರು ಅಂತ ಹೆಸರು ಬೇಡ. ತೊಂಬತ್ತರಲ್ಲಿ ಮನೆಮಾತಾಗಿದ್ದ ಗಾಯಕರು, ಬಿ.ಎಚ್. ರಸ್ತೆ ಉದ್ದಕ್ಕೂ ಫ್ಲೆಕ್ಸು, ‘ಲೈವ್’ ಅಂತ ದಪ್ಪ ಅಕ್ಷರ. ನಾನು ಬೇಕಂತಲೇ ಸೈಡಲ್ಲಿ, ಕೀಬೋರ್ಡ್‌ನೋನ ಕೈ ಕಾಣೋ ಕಡೆ ನಿಂತಿದ್ದೆ, ಹಳೇ ಚಾಳಿ. ಎರಡನೇ ಹಾಡಿಗೇ ಗೊತ್ತಾಯ್ತು. ಪಿಟೀಲಿನ ಹಿನ್ನೆಲೆ ಸಂಗೀತ ಜೋರಾಗಿ ಬರ್ತಿದೆ, ಕೀಬೋರ್ಡಿನ ಹುಡುಗ ನೀರಿನ ಬಾಟ್ಲು ಮುಚ್ಚಳ ತಿರುಗಿಸ್ತಿದಾನೆ. ಆಮೇಲೆ ಗಾಯಕರು ಚರಣದ ಮಧ್ಯೆ ‘ತುಮಕೂರು, ನೀವು ಹಾಡಿ’ ಅಂತ ಮೈಕನ್ನ ಜನದ ಕಡೆ ತಿರುಗಿಸಿದ್ರು, ಅವರ ದನಿ ಸ್ಪೀಕರಲ್ಲಿ ಹಂಗೇ ಹೋಗ್ತಾನೇ ಇತ್ತು! ಕ್ಯಾಸೆಟ್ಟಲ್ಲಿ ಉಸಿರು ಎಳ್ಕೊಂಡಿದ್ದ ಜಾಗದಲ್ಲೇ ಇಲ್ಲೂ ಉಸಿರು. ಕುಣಿದು ನೆಗೆದು ಆದ್ಮೇಲೂ ಏದುಸಿರು ಇಲ್ಲ. ನನ್ನ ಪಕ್ಕ ನಿಂತಿದ್ದ ಯಜಮಾನರು ‘ಏನ್ ದನಿ ಉಳಿಸ್ಕೊಂಡವ್ರೆ ಕಣ್ರೀ, ಸೇಮ್ ಐತೆ’ ಅಂತ ಖುಷಿ ಪಟ್ರು. ಸೇಮ್ ಇರ್ದೆ ಇನ್ನೇನು.

ಇದೇನು ಹೊಸ ಆಟ ಅಲ್ಲ. ನಮ್ಮ ಕಾಲದ ಬಸ್ಸಲ್ಲಿ, ಕಟಿಂಗ್ ಶಾಪಲ್ಲಿ ಓಡ್ತಿದ್ದ ಬೋನಿ ಎಂ ಅನ್ನೋ ಡಿಸ್ಕೊ ಗ್ರೂಪ್ ಗೊತ್ತಲ್ಲ, ಸ್ಟೇಜ್ ಮೇಲೆ ಹುಚ್ಚೆದ್ದು ಕುಣೀತಿದ್ದ ಬಾಬಿ ಫ್ಯಾರೆಲ್ ಬಾಯಿಂದ ರೆಕಾರ್ಡಲ್ಲಿ ಬರ್ತಿದ್ದ ಗಂಡಸಿನ ದನಿ ಅವನದ್ದೇ ಅಲ್ಲ, ಗ್ರೂಪ್ ಕಟ್ಟಿದ ಫ್ರಾಂಕ್ ಫಾರಿಯನ್‌ದು. ಅದೇ ಮಹಾಶಯ ಮುಂದೆ ಮಿಲಿ ವನಿಲಿ ಅಂತ ಇಬ್ಬರು ಹುಡುಗರನ್ನ ಮುಂದೆ ನಿಲ್ಸಿ ಬೇರೆಯೋರ ಕೈಲಿ ಹಾಡಿಸಿದ್ದು ಗೊತ್ತಾಗಿ 1990ರಲ್ಲಿ ಗ್ರ್ಯಾಮಿ ಪ್ರಶಸ್ತಿನೇ ವಾಪಸ್ ಕಿತ್ಕೊಂಡ್ರು. ಅಲ್ಲಿ ಅಷ್ಟು ರಾದ್ಧಾಂತ ಆದ ವಿಷಯ ಇಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನದಲ್ಲಿ ಮುಗಿಯುತ್ತೆ.

ಆದ್ರೆ ಆ ಗಾಯಕರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವರಿಗೆ ಇಪ್ಪತ್ತೆಂಟು ವರ್ಷದಲ್ಲಿ ಹಾಡಿದ ಸ್ಕೇಲಲ್ಲೇ, ಅಂದ್ರೆ ಅದೇ ಎತ್ತರದ ಶ್ರುತಿಲಿ, ಅರವತ್ತರಲ್ಲೂ ಹಾಡಿ ಅಂತ ಹೇಳ್ತಿರೋದು ನಾವು. ಸ್ವಲ್ಪ ಇಳಿಸಿ ಹಾಡಿದ್ರೆ ‘ದನಿ ಹೋಗ್ಬಿಟ್ಟಿದೆ’ ಅಂತ ಅವತ್ತು ರಾತ್ರಿನೇ ವಿಡಿಯೊ ಹಾಕೋರೂ ನಾವೇ. ಟ್ರ್ಯಾಕ್, ಅಂದ್ರೆ ಮೊದಲೇ ರೆಕಾರ್ಡ್ ಆಗಿರೋ ಹಾಡು, ಹಾಕ್ದೆ ಏನ್ಮಾಡ್ತಾರೆ.

ಸ್ಕೇಲ್ ಇಳಿಸೋದು ಅಂದ್ರೆ ಸೋತಂಗಲ್ಲ ಅನ್ನೋದನ್ನ ನಾನು ಕಣ್ಣಾರೆ ಕಂಡಿದೀನಿ. ನಮ್ಮ ಟೀಮಲ್ಲಿ ಹಾಡ್ತಿದ್ದ ಅಕ್ಕ ಒಬ್ರಿದ್ರು, ಮದುವೆ, ಮಕ್ಕಳು, ಟೀಚರ್ ಕೆಲಸ ಅಂತ ಸ್ಟೇಜ್ ಬಿಟ್ಟೋರು, ರಿಟೈರ್ ಆದ್ಮೇಲೆ ನಮ್ಮ ಎಸ್.ಎಸ್. ಪುರಂ ಕಡೆ ಗಣೇಶನ ಪೆಂಡಾಲಲ್ಲಿ ಮತ್ತೆ ಹಾಡೋಕೆ ಒಪ್ಪಿದ್ರು. ರಿಹರ್ಸಲ್‌ಗೆ ಬಂದೋರೇ ‘ಲೇ ತಮ್ಮ, ಎರಡು ಇಳಿಸೋ, ಮೇಲಿನ ಜಾಗ ಈಗ ನನ್ನ ಕೈಲಿ ಆಗಲ್ಲ’ ಅಂದ್ರು. ಕೀಬೋರ್ಡಲ್ಲಿ ಶ್ರುತಿ ಬದಲಿಸೋ ಟ್ರಾನ್ಸ್‌ಪೋಸ್ ಬಟನ್ ಒತ್ತಿದ್ರೆ ನನ್ನ ಕೆಲಸ ಮುಗೀತು, ಹಾಡೋರಿಗೆ ಹಂಗಲ್ಲ. ಸ್ಕೇಲ್ ಇಳಿಸಿದ್ರೆ ಚರಣದ ಮೇಲಿನ ಸ್ವರ ಕೈಗೆ ಸಿಗುತ್ತೆ, ಪಲ್ಲವಿ ಕೊನೆ ಪಾತಾಳಕ್ಕೆ ಹೋಗುತ್ತೆ, ಅಲ್ಲಿ ದನಿಯೇ ಬರಲ್ಲ ಬರೀ ಗಾಳಿ ಬರುತ್ತೆ. ಅಕ್ಕ ಏನ್ ಮಾಡಿದ್ರು ಅಂದ್ರೆ ಪಲ್ಲವಿ ಕೊನೆಯನ್ನ ಕೆಳಗೆ ಇಳಿಸ್ದೆ ಮಧ್ಯದ ಷಡ್ಜಕ್ಕೇ ತಂದು ನಿಲ್ಸಿದ್ರು, ಚರಣದ ಒಂದು ಓಟನ ನನ್ನ ಕೀಬೋರ್ಡ್ ಕೊಳಲಿಗೆ ಬಿಟ್ಕೊಟ್ಟು ತಾವು ಸುಮ್ನೆ ನಿಂತ್ರು, ಆಮೇಲೆ ಎರಡನೇ ಸಾಲಿಗೆ ಸೇರ್ಕೊಂಡ್ರು. ಪ್ಯಾಡ್ ನುಡಿಸೋ ಹುಡುಗ ‘ಆಂಟಿ ಒರಿಜಿನಲಲ್ಲಿ ಹಂಗಿಲ್ಲ’ ಅಂದ. ಅದಕ್ಕೆ ಅಕ್ಕ, ‘ಒರಿಜಿನಲ್ ನಿನ್ನ ಫೋನಲ್ಲೇ ಐತಲ್ಲಪ್ಪ, ಮನೆಗೆ ಹೋಗಿ ಕೇಳ್ಕೊ’ ಅಂದ್ರು.

ಇದೇ ಅಕ್ಕ ಕೆ.ಎಸ್. ನಿಸಾರ್ ಅಹಮದ್ ಅವರ ಒಂದು ಕವಿತೆಗೆ ತಾವೇ ಟ್ಯೂನ್ ಹಾಕ್ಕೊಂಡು ಬಂದಿದ್ರು, ಅದನ್ನೂ ಹಾಡ್ತೀನಿ ಅಂದ್ರು. ಕಮಿಟಿ ಹುಡುಗರು ‘ಅಕ್ಕ ಜನ ಎದ್ದು ಹೋಗ್ತಾರೆ, ಹಿಟ್ಸ್ ಮಾತ್ರ ಸಾಕು’ ಅಂತ ಲಿಸ್ಟಿಂದ ಹೊಡೆದಾಕಿದ್ರು. ರಿಹರ್ಸಲಲ್ಲಿ ಕೇಳಿದ ಪಲ್ಲವಿ ಬಿಟ್ರೆ ಮಿಕ್ಕಿದ್ದು ನನಗೆ ಇವತ್ತಿಗೂ ಗೊತ್ತಿಲ್ಲ. ಅಯ್ಯೋ ಅದೇ ಕವಿಯ ‘ನಿತ್ಯೋತ್ಸವ’ 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಕ್ಯಾಸೆಟ್ ಆಗಿ ಮನೆಮನೆಗೆ ಹೋಯ್ತಲ್ಲ ಸ್ವಾಮಿ, ಅವತ್ತು ಅದೂ ಹೊಸ ಟ್ಯೂನೇ ಅಲ್ವಾ? ಸಿನಿಮಾ ಬಿಟ್ಟು ಕನ್ನಡಕ್ಕೆ ಪಾಪ್ ಅಂತ ಏನಾದ್ರೂ ಇದ್ರೆ ಅದು ಭಾವಗೀತೆನೇ, ಅನಂತಸ್ವಾಮಿ, ಸಿ. ಅಶ್ವತ್ಥ್ ಇವರು ಪುಸ್ತಕದಲ್ಲಿದ್ದ ಕವಿತೆನ ಟೇಪ್ ರೆಕಾರ್ಡರಿಗೆ ತಂದೋರು. ಆಗ ಹೊಸದನ್ನ ಕೇಳೋಕೆ ಕಿವಿ ಇತ್ತು.

ಹಳಬರು ವಾಪಸ್ ಬಂದು ಹೊಸದು ಮಾಡಿ ಗೆದ್ದಿದ್ದು ನಮ್ಮಲ್ಲೇ ಐತೆ. ಅಣ್ಣಾವ್ರನ್ನೇ ನೋಡಿ. 1989ರ ‘ಪರಶುರಾಮ್’ ಆದ್ಮೇಲೆ ಗ್ಯಾಪ್ ಕೊಟ್ಟು 1992ರಲ್ಲಿ ‘ಜೀವನಚೈತ್ರ’ಕ್ಕೆ ಬಂದಾಗ ವಯಸ್ಸು ಅರವತ್ತ ಮೂರು. ಆ ವಯಸ್ಸಲ್ಲಿ ಯಾವ್ದೋ ಸುಲಭದ ಹಾಡು ಹಾಡ್ಕೊಂಡು ಹೋಗಿದ್ರೂ ಜನ ಶಿಳ್ಳೆ ಹೊಡೀತಿದ್ರು, ಅವರು ಮಾಡಿದ್ದು ‘ನಾದಮಯ’, ಉಪೇಂದ್ರ ಕುಮಾರ್ ಸಂಗೀತ, ಅದಕ್ಕೆ ರಾಷ್ಟ್ರಪ್ರಶಸ್ತಿನೂ ಬಂತು, ಗಾಯಕನಾಗಿ. ನಮ್ಮ ಆರ್ಕೆಸ್ಟ್ರಾದಲ್ಲಿ ಆ ಹಾಡಿನ ಚೀಟಿ ಬಂದ್ರೆ ಹಾಡೋ ಹುಡುಗರು ಒಬ್ರ ಮುಖ ಒಬ್ರು ನೋಡ್ಕೊಳ್ತಿದ್ರು, ‘ಮೈಕ್ ಸರಿ ಇಲ್ಲ’ ಅಂತ ಜಾರ್ಕೊಂಡೋರೂ ಇದಾರೆ. ಗುಬ್ಬಿ ವೀರಣ್ಣನವರ ಕಂಪನಿಲಿ ಪಳಗಿದ ಗಂಟಲು ಅದು, ನಮ್ಮ ಜಿಲ್ಲೆಯೋರಿಗೆ ಆ ಜಂಬ ಸ್ವಲ್ಪ ಜಾಸ್ತಿನೇ ಇರುತ್ತೆ, ಇರ್ಲಿ ಬಿಡಿ.

ಆಶಾ ಭೋಸ್ಲೆ ಅವರು ಅರವತ್ತು ದಾಟಿದ್ಮೇಲೆ 1995ರ ‘ರಂಗೀಲಾ’ದಲ್ಲಿ ಎ.ಆರ್. ರೆಹಮಾನ್‌ಗೆ ಹಾಡಿ ಕಾಲೇಜ್ ಹುಡುಗೀರನ್ನ ಕುಣಿಸಿದ್ರು, ಅದೂ ಹೊಸ ಹಾಡೇ. ಸಂಗೀತ ನಿರ್ದೇಶಕ ಆರ್.ಡಿ. ಬರ್ಮನ್ ಕಥೆ ಮಾತ್ರ ಹೊಟ್ಟೆ ಉರಿಸುತ್ತೆ. ಸಾಲು ಸಾಲು ಸಿನಿಮಾ ಸೋತು ಕೆಲಸ ಕೊಡೋರೇ ಕಮ್ಮಿಯಾಗಿದ್ದಾಗ ‘1942: ಎ ಲವ್ ಸ್ಟೋರಿ’ಗೆ ಹಾಡು ಮಾಡಿ 1994ರ ಜನವರಿ 4ಕ್ಕೆ ತೀರ್ಕೊಂಡ್ರು, ಸಿನಿಮಾ ಬಂದಿದ್ದು ಆಮೇಲೆ. ಊರೆಲ್ಲಾ ಅವರ ಕಮ್‌ಬ್ಯಾಕ್ ಹಾಡು ಗುನುಗ್ತಿತ್ತು, ಬರಬೇಕಾದೋರು ಇರ್ಲಿಲ್ಲ. ಬದುಕಿದ್ದಾಗ ಹೊಸ ಹಾಡು ಕೇಳ್ರಪ್ಪ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

ವಾಪಸ್ ಬರ್ಲೇಬೇಕು ಅಂತ ಏನೂ ಇಲ್ಲ ಅನ್ನೋದನ್ನೂ ಹೇಳ್ಬೇಕು. ಎಸ್. ಜಾನಕಮ್ಮ 2017ರ ಅಕ್ಟೋಬರಲ್ಲಿ ಮೈಸೂರಿನ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಹಾಡಿ, ಇದೇ ಕೊನೆ ಕಾರ್ಯಕ್ರಮ ಅಂತ ಹೇಳಿ ಇಳಿದ್ರು. ಅಷ್ಟು ಸಾವಿರ ಹಾಡು ಹಾಡಿದೋರು ಸಾಕು ಅಂದ್ರೆ ಸಾಕು, ಮತ್ತೆ ಒಂದು ಶೋ, ಕಟ್ಟಕಡೆಯ ಶೋ, ಅದಕ್ಕಿಂತ ಕಡೆಯ ಶೋ ಅಂತ ನಾವು ಪೀಡಿಸಬಾರದು.

ಇನ್ನು ಈ ಎಐ ದನಿ. ಬೀಟಲ್ಸ್‌ನೋರು 2023ರ ನವೆಂಬರಲ್ಲಿ ‘ನೌ ಅಂಡ್ ದೆನ್’ ಅಂತ ಬಿಟ್ರಲ್ಲ, ಅದರಲ್ಲಿ ಆ ಬ್ಯಾಂಡಿನ ತೀರಿಹೋದ ಗಾಯಕ ಜಾನ್ ಲೆನನ್ ದನಿ ಎಪ್ಪತ್ತರ ದಶಕದಲ್ಲಿ ಮನೆಲಿ ಪಿಯಾನೊ ಮುಂದೆ ಕೂತು ಕ್ಯಾಸೆಟ್ಟಿಗೆ ಹಾಡಿಟ್ಟಿದ್ದು. 1995ರಲ್ಲಿ ಉಳಿದ ಮೂವರು ಪ್ರಯತ್ನ ಮಾಡಿ ಗೊರಗೊರ ಶಬ್ದ ಜಾಸ್ತಿ ಅಂತ ಕೈಬಿಟ್ಟಿದ್ರು, ಈಗ ಕಂಪ್ಯೂಟರು ದನಿನೂ ಪಿಯಾನೊನೂ ಬೇರೆ ಬೇರೆ ಮಾಡಿಕೊಡ್ತು. ಅದು ಅವರೇ ಹಾಡಿದ್ದು, ಬರೀ ಧೂಳು ಒರೆಸಿದಂಗೆ, ನನಗೆ ಒಪ್ಪಿಗೆ. ತೀರಿಹೋದೋರ ದನಿನ ಹೊಸದಾಗಿ ಹುಟ್ಟಿಸಿ ಅವರು ಹಾಡದೇ ಇರೋದನ್ನ ಹಾಡಿಸೋದು ಬೇರೆ. 2024ರ ‘ಲಾಲ್ ಸಲಾಂ’ನಲ್ಲಿ ರೆಹಮಾನ್ ಇಬ್ಬರು ತೀರಿಹೋದ ಗಾಯಕರ ದನಿ ಬಳಸಿದಾಗ ಮನೆಯೋರ ಒಪ್ಪಿಗೆ ತಗೊಂಡಿದೀವಿ, ದುಡ್ಡೂ ಕೊಟ್ಟಿದೀವಿ ಅಂದ್ರು. ಅದೇ ವರ್ಷ ನಮ್ಮ ಎಸ್‌ಪಿಬಿ ಅವರ ದನಿನ ಹೇಳ್ದೆ ಕೇಳ್ದೆ ಒಂದು ತೆಲುಗು ಸಿನಿಮಾದಲ್ಲಿ ಎಐ ಮಾಡಿ ಬಳಸಿದಾರೆ ಅಂತ ಮಗ ಚರಣ್ ನೋಟಿಸ್ ಕೊಟ್ರು. ನನ್ನ ಕೇಳಿದ್ರೆ ಒಪ್ಪಿಗೆ ಇದ್ರೂ ಬೇಡ. ಎಸ್‌ಪಿಬಿ ನಗು ತಡ್ಕೊಂಡು ಹಾಡ್ತಿದ್ದ ಜಾಗ ಇರುತ್ತಲ್ಲ, ಮೈಕ್ ಮುಂದೆ ಆ ಕ್ಷಣಕ್ಕೆ ಅವರಿಗೇ ಹೊಳೆದಿದ್ದು ಅದು, ಮಿಷನ್ನು ಅದನ್ನ ಎಲ್ಲಿಂದ ತರುತ್ತೆ?

ನನ್ನ ಮಗಳು ಇದನ್ನೆಲ್ಲಾ ಓದಿ, ‘ಅಪ್ಪ ಜನ ದುಡ್ಡು ಕೊಟ್ಟು ಹೋಗೋದೇ ಹಳೇ ಹಾಡಿಗೆ, ನೀನು ಹೊಸದು ಕೇಳಿ ಅಂತ ಯಾಕೆ ಬಲವಂತ ಮಾಡ್ತೀಯ’ ಅಂದ್ಲು. ಸರಿನೇ, ಆದ್ರೆ ನಾನು ಕೇಳ್ತಿರೋದು ಎರಡು ಗಂಟೆ ಕಾರ್ಯಕ್ರಮದಲ್ಲಿ ಎರಡೇ ಎರಡು ಹಾಡು. ಹತ್ತು ನಿಮಿಷ. ಅಷ್ಟು ಹೊತ್ತು ಸುಮ್ನೆ ಕೂತ್ರೆ ನಮ್ಮ ಗಂಟೇನೂ ಹೋಗಲ್ಲ.

ಈಗ ಬೇಡಿಕೆ. ನಮ್ಮಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಾಗ್ಲಿ, ಜೂನಿಯರ್ ಕಾಲೇಜ್ ಗ್ರೌಂಡಲ್ಲಾಗ್ಲಿ ಇಂಥ ಕಾರ್ಯಕ್ರಮ ಮಾಡೋರು ಪೋಸ್ಟರ್ ಮೇಲೆ ಟ್ರ್ಯಾಕ್ ಹಾಕ್ತೀವಾ, ನಿಜವಾಗ್ಲೂ ಹಾಡಿಸ್ತೀವಾ ಅಂತ ಒಂದು ಸಾಲು ಬರೀಲಿ, ನುಡಿಸೋರ ಹೆಸರೂ ಹಾಕ್ಲಿ, ತಬಲದೋರು, ಪ್ಯಾಡ್‌ನೋರು, ಕೊಳಲಿನೋರು ಅವರಿಗೂ ಮನೆ ಮಠ ಐತೆ. ಗಾಯಕರಿಗೆ ಮೊದಲೇ ಹೇಳಿ ಕಳ್ಸಲಿ, ಸ್ಕೇಲ್ ನಿಮಗೆ ಹೆಂಗೆ ಬೇಕೋ ಹಂಗೆ, ಹೊಸದು ಎರಡು ಹಾಡ್ಲೇಬೇಕು ಅಂತ. ಪತ್ರಿಕೆಯೋರು ನೀವು ಮುಂದಿನ ಸಲ ಹಳೇ ಗಾಯಕರ ಸಂದರ್ಶನ ಮಾಡುವಾಗ ‘ಆ ಹಾಡಿನ ರೆಕಾರ್ಡಿಂಗ್ ದಿನ ಏನಾಯ್ತು’ ಅಂತ ನೂರಾ ಒಂದನೇ ಸಲ ಕೇಳೋ ಬದಲು ಈಗ ಏನ್ ಮಾಡ್ತಿದೀರ, ಯಾವ ಕವಿನ ಓದ್ತಿದೀರ, ಹಾಡಿಟ್ಟು ಯಾರಿಗೂ ಕೇಳಿಸದೇ ಇರೋದು ಏನಾದ್ರೂ ಐತಾ ಅಂತ ಕೇಳಿ. ನಮ್ಮ ಟೀಮಿನ ಆ ಅಕ್ಕನ ನಂಬರ್ ಬೇಕಾದ್ರೆ ನಿಮ್ಮ ವರದಿಗಾರರಿಗೆ ನಾನೇ ಕೊಡ್ತೀನಿ.

ಪತ್ರ ಉದ್ದ ಆಯ್ತು, ಜಾಗ ಸಾಲದೆ ಕತ್ತರಿ ಹಾಕೋದಾದ್ರೆ ಬೋನಿ ಎಂ ಭಾಗ ತೆಗೀರಿ, ಬೇಕಾದ್ರೆ ಅಬ್ಬಾದೂ ತೆಗೀರಿ, ಅಣ್ಣಾವ್ರ ಪ್ಯಾರಾ ಮಾತ್ರ ಮುಟ್ಟಬೇಡಿ.

ಇತಿ,
ಹಳೇ ಕೀಬೋರ್ಡ್ ವಾದಕ
ಎಸ್.ಎಸ್. ಪುರಂ, ತುಮಕೂರು